ಗರ್ದಿಯ ಹೊತ್ತಿನಲ್ಲಿ ಮೊಮ್ಮಗನಿಗೆ ಮುಂಬೈಯ ಲೋಕಲ್ ಗಾಡಿಗಳನ್ನು ತೋರಿಸಬೇಕು: ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು?

ಶಿರಸಿಯ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಕಲಿಸಿ ನಿವೃತ್ತಳಾದವಳು. ಈ ದಸರೆಯ ರಜೆಯಲ್ಲಿ ಡೊಂಬಿವಲಿಯಲ್ಲಿರುವ ಮಗಳ ಮನೆಗೆ ಹೋಗುವವಳಿದ್ದೇನೆ. ಹನ್ನೊಂದು ವರ್ಷದ ಮೊಮ್ಮಗನೂ ನನ್ನೊಡನೆ ಬರುತ್ತಾನೆ. ಮುಂಬೈಯಲ್ಲಿ ಏನು ನೋಡಬೇಕೆಂದು ಕೇಳಿದರೆ ಅವನದು ಒಂದೇ ಉತ್ತರ: ಬೆಳಗಿನ ಗರ್ದಿಯ ಹೊತ್ತಿಗೆ ದೊಡ್ಡ ಸ್ಟೇಷನ್ನಿನಲ್ಲಿ ನಿಂತು ಲೋಕಲ್ ಗಾಡಿಗಳನ್ನು ನೋಡಬೇಕು.

ಶಿರಸಿಗೆ ರೈಲಿಲ್ಲ. ತಾಳಗುಪ್ಪದಲ್ಲಿ ನಿಂತಿದ್ದ ಒಂದು ಗಾಡಿಯನ್ನೂ, ದೇವಿಮನೆ ಘಟ್ಟ ಇಳಿದು ಕುಮಟೆಯ ನೆಂಟರ ಮನೆಗೆ ಹೋದಾಗಲೆಲ್ಲ ಕಂಡ ನಾಲ್ಕಾರು ಗಾಡಿಗಳನ್ನೂ ಬಿಟ್ಟರೆ ಈ ಹುಡುಗ ಬೇರೆ ರೈಲು ಕಂಡವನಲ್ಲ. ಕುಮಟೆಯಲ್ಲಿ ಒಂದು ಗಾಡಿ ಹೋದ ಮೇಲೆ ಇನ್ನೊಂದಕ್ಕಾಗಿ ಬಹಳ ಹೊತ್ತು ಕಾದು ಕುಳಿತು ಅಭ್ಯಾಸವಾದವನಿಗೆ, ಒಂದೇ ಹಳಿಯ ಮೇಲೆ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಬರುತ್ತದೆ ಎಂದರೆ ನಂಬಿಕೆಯೇ ಬರುವುದಿಲ್ಲ. "ಹಿಂದಿನದು ಮುಂದಿನದಕ್ಕೆ ಹೊಡೆಯುವುದಿಲ್ಲವೇ ಅಜ್ಜಿ?" ಎಂದು ಕೇಳಿದ. ಮೂವತ್ತೊಂದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಇದಕ್ಕೆ ಉತ್ತರ ಹೇಳಲಾಗಲಿಲ್ಲ.

ನನಗೆ ಮುಂಬೈ ಪೂರ್ತಿ ಹೊಸದೇನಲ್ಲ. 1979ರಲ್ಲಿ ಅಣ್ಣನ ಮನೆಗೆಂದು ಹೋಗಿದ್ದೆ. ಆಗ ಕೊಂಕಣ ರೈಲು ಇರಲಿಲ್ಲ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಮೀಟರ್ ಗೇಜ್ ಗಾಡಿ ಹಿಡಿದು, ಮೀರಜಿನಲ್ಲಿ ಹಾಸಿಗೆ ಪೆಟ್ಟಿಗೆಗಳನ್ನೆಲ್ಲ ಇಳಿಸಿಕೊಂಡು ಬ್ರಾಡ್ ಗೇಜ್ ಗಾಡಿಗೆ ಬದಲಾಯಿಸಬೇಕಾಗಿತ್ತು. ಅಣ್ಣ ಒಂದು ದಿನ ಬೆಳಿಗ್ಗೆ ನನ್ನನ್ನು ದಾದರಿಗೆ ಕರೆದುಕೊಂಡು ಹೋದ. ನನ್ನ ಮಣಿಕಟ್ಟನ್ನು ಅವನು ಹಿಡಿದ ಬಿಗಿ ನೆನಪಿದೆ, ಮುಂದಿದ್ದ ಜನರ ಬೆನ್ನುಗಳು ನೆನಪಿವೆ. ಗಾಡಿ ಮಾತ್ರ ನೆನಪಿಲ್ಲ, ಏಕೆಂದರೆ ನಾನು ಅದನ್ನು ಕಾಣಲೇ ಇಲ್ಲ. ಮೊಮ್ಮಗನಿಗೆ ಹಾಗಾಗಬಾರದು.

ಆದುದರಿಂದ ಅಲ್ಲಿ ಇರುವವರನ್ನೂ ಇದ್ದು ಬಂದವರನ್ನೂ ಕೇಳುತ್ತಿದ್ದೇನೆ. ಯಾವ ಸ್ಟೇಷನ್ನಿನಲ್ಲಿ, ಎಷ್ಟು ಹೊತ್ತಿಗೆ ನಿಂತರೆ ಗಾಡಿಗಳು ಚೆನ್ನಾಗಿ ಕಾಣುತ್ತವೆ? ಕೆಲಸಕ್ಕೆ ಹೋಗುವವರ ದಾರಿಗೆ ನಾವು ಅಡ್ಡವಾಗದೆ ನಿಲ್ಲುವುದು ಹೇಗೆ? ಸುಮ್ಮನೆ ಬೆರಗಾಗಿ ಮರಳುವುದರ ಬದಲು ಹುಡುಗನಿಗೆ ಏನಾದರೂ ಅರ್ಥವಾಗಬೇಕಾದರೆ ಯಾವುದರ ಮೇಲೆ ಕಣ್ಣಿಡಬೇಕು?

ಕುಮಟಾ–ಠಾಣೆ:

ಅಕ್ಕೋರಿಗೆ ನಮಸ್ಕಾರ. ನನ್ನ ಊರು ಕುಮಟೆ. 1994ರಲ್ಲಿ ಠಾಣೆಗೆ ಬಂದೆ. ನಿವೃತ್ತನಾಗುವವರೆಗೂ ಠಾಣೆಯಿಂದ ಮುಂಬೈಯ ಕೋಟೆ ಪ್ರದೇಶಕ್ಕೆ ಲೋಕಲ್ಲಿನಲ್ಲೇ ಹೋಗಿ ಬಂದವನು.

ಮೊದಲನೆಯದಾಗಿ, ದಾದರ್ ಬೇಡ. ಪಶ್ಚಿಮ ರೈಲ್ವೆಯೂ ಮಧ್ಯ ರೈಲ್ವೆಯೂ ಅಲ್ಲಿ ಕೂಡುವುದರಿಂದ ಒಂದು ಗಾಡಿಯಿಂದ ಇನ್ನೊಂದಕ್ಕೆ ಬದಲಾಯಿಸುವವರು ಬಹಳ ಮಂದಿ ಓಡಾಡುತ್ತಿರುತ್ತಾರೆ. ಎರಡೂ ಕಡೆ ಒಂದನೆಯ ಪ್ಲಾಟ್‌ಫಾರ್ಮ್ ಇದ್ದು ಹೊಸಬರಿಗೆ ಗೊಂದಲವಾಗುತ್ತದೆಂದು 2023ರ ಡಿಸೆಂಬರಿನಲ್ಲಿ ಒಂದರಿಂದ ಹದಿನಾಲ್ಕರ ತನಕ ಒಂದೇ ಸಾಲಿನ ಸಂಖ್ಯೆ ಕೊಟ್ಟಿದ್ದಾರೆ. ಸಂಖ್ಯೆ ಸರಿಹೋಯಿತೇ ಹೊರತು ಜನ ಕಡಿಮೆಯಾಗಿಲ್ಲ. ಬಂದ ಹೊಸದರಲ್ಲಿ ನಾನು ಅಲ್ಲಿ ಬಾಗಿಲ ಹತ್ತಿರ, ಇಳಿಯುವವರ ಕಡೆಗೆ ನಿಂತುಬಿಟ್ಟಿದ್ದೆ. ಇಳಿಯುವ ಮನಸ್ಸಿಲ್ಲದ ನನ್ನನ್ನು ಜನರು ಎತ್ತಿಕೊಂಡೇ ಪ್ಲಾಟ್‌ಫಾರ್ಮಿಗೆ ತಂದಿಟ್ಟರು. ಬಲಗಾಲಿನ ಚಪ್ಪಲಿ ಹಳಿಗೆ ಬಿತ್ತು, ಗಾಡಿ ಹೊರಟುಹೋಯಿತು. ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಂಬಕ್ಕೆ ಒರಗಿ ನಿಂತಿದ್ದಾಗ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಬಂದು, ಯಾವ ಊರು ಎಂದು ಮರಾಠಿಯಲ್ಲಿ ಕೇಳಿ, ಎಲ್ಲಿ ನಿಲ್ಲಬೇಕೆಂದು ಕೈಹಿಡಿದು ತೋರಿಸಿಕೊಟ್ಟಳು. ಆ ಉಪಕಾರವನ್ನು ನಾನು ಮರೆತಿಲ್ಲ.

ನನ್ನ ಸಲಹೆ ಎರಡು ಜಾಗಗಳು, ಎರಡು ಬೇರೆ ಬೇರೆ ದಿನ.

ಒಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ನಾವೆಲ್ಲ ವಿ.ಟಿ. ಎನ್ನುತ್ತಿದ್ದ ಸ್ಟೇಷನ್. ಅಲ್ಲಿ ಹಳಿ ಮುಗಿಯುತ್ತದೆ. ಹಳಿಯ ಕೊನೆಯಲ್ಲಿ ಗಾಡಿಗೆ ತಡೆಯಾಗಿರುವ ಬಫರಿನ ಹಿಂದೆ ವಿಶಾಲವಾದ ಅಂಗಳವಿದೆ. ಅಲ್ಲಿ ನಿಂತರೆ ಗಾಡಿ ನಿಮ್ಮ ಕಡೆಗೇ ಮುಖಮಾಡಿ ಬಂದು ನಿಲ್ಲುವುದನ್ನು ನೋಡಬಹುದು. ಹಳಿ ಮುಂದುವರಿಯುವ ಸ್ಟೇಷನ್ನುಗಳಲ್ಲಿ ಗಾಡಿಯ ಮೋರೆಯನ್ನು ಇಷ್ಟು ಹತ್ತಿರದಿಂದ, ಇಷ್ಟು ನೇರವಾಗಿ, ಅಪಾಯವಿಲ್ಲದೆ ನೋಡಲು ಸಿಗುವುದಿಲ್ಲ. ಒಂದರಿಂದ ಏಳರ ತನಕ ಲೋಕಲ್ ಪ್ಲಾಟ್‌ಫಾರ್ಮ್, ಎಂಟರಿಂದ ಹದಿನೆಂಟರ ತನಕ ದೂರದ ಗಾಡಿಗಳದ್ದು. ನೀವು ಏಳು ಮತ್ತು ಎಂಟರ ನಡುವಿನ ಕಡೆಗೆ, ಕಂಬಕ್ಕೋ ಗೋಡೆಗೋ ಬೆನ್ನು ಕೊಟ್ಟು ನಿಲ್ಲಿ. ಎಂಟೂವರೆಯಿಂದ ಹತ್ತೂವರೆಯ ನಡುವೆ ನೋಡಬೇಕಾದ ನೋಟ ಇದು: ಹನ್ನೆರಡು ಡಬ್ಬಿಗಳ ಗಾಡಿ ಬಂದು ನಿಲ್ಲುವ ಮೊದಲೇ ಎರಡೂ ಬದಿಯ ಬಾಗಿಲುಗಳಿಂದ ಜನರು ಸುರಿಯತೊಡಗುತ್ತಾರೆ, ಪ್ಲಾಟ್‌ಫಾರ್ಮ್ ಒಂದು ಕ್ಷಣ ಕಾಣದಂತಾಗುತ್ತದೆ, ನಿಮಿಷ ಕಳೆಯುವುದರೊಳಗೆ ಅಲ್ಲಿ ಗುಡಿಸುವವರನ್ನು ಬಿಟ್ಟು ಯಾರೂ ಇರುವುದಿಲ್ಲ. ಅಷ್ಟರಲ್ಲಿ ಗಾಡಿಯ ಹಿಂತುದಿಯಲ್ಲಿ ಇನ್ನೊಬ್ಬ ಮೋಟರ್‌ಮನ್, ಅಂದರೆ ಲೋಕಲ್ ನಡೆಸುವವರು, ಹತ್ತಿಕೊಂಡಿರುತ್ತಾರೆ. ಎಂಜಿನ್ನನ್ನು ಬಿಚ್ಚಿ ತಿರುಗಿಸಿ ಜೋಡಿಸುವ ಕೆಲಸವೇ ಇಲ್ಲ, ಏಕೆಂದರೆ ಲೋಕಲ್ಲಿಗೆ ಪ್ರತ್ಯೇಕ ಎಂಜಿನ್ ಇಲ್ಲ. ಎರಡೂ ತುದಿಗಳಲ್ಲಿ ನಡೆಸುವ ಕೋಣೆ, ನಡುನಡುವೆ ಮೋಟರು ಇರುವ ಡಬ್ಬಿಗಳು. ನಾಲ್ಕೈದು ನಿಮಿಷದಲ್ಲಿ ಬಂದ ದಾರಿಯಲ್ಲೇ ಹೊರಟುಬಿಡುತ್ತದೆ.

ಇನ್ನೊಂದು ಜಾಗ ಮಾಟುಂಗಾ, ಮಧ್ಯ ರೈಲ್ವೆಯದು. ಅಲ್ಲಿ ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುತ್ತ ಹೋಗುವ ಸ್ಲೋ ಗಾಡಿಗಳು ಮಾತ್ರ ನಿಲ್ಲುತ್ತವೆ. ಫಾಸ್ಟ್ ಗಾಡಿಗಳೂ ದೂರದ ಎಕ್ಸ್‌ಪ್ರೆಸ್‌ಗಳೂ ನಿಲ್ಲದೆ ಸಾಗುತ್ತವೆ. ದಾದರಿನ ಮಗ್ಗುಲಿನ ಸ್ಟೇಷನ್ನಾದರೂ ಜನಸಂಖ್ಯೆಗೆ ಹೋಲಿಕೆಯೇ ಇಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತೇ ನೋಡಬಹುದು. ನೋಡಿದ ಮೇಲೆ ಹೊರಗೆ ಬಂದರೆ ನಮ್ಮ ಕಡೆಯ ತಿಂಡಿ ಸಿಗುವ ಹೋಟೆಲುಗಳಿವೆ, ಕನ್ನಡವೂ ಕಿವಿಗೆ ಬೀಳುತ್ತದೆ.

ಡೊಂಬಿವಲಿಯಿಂದ ಬರುವಾಗ ಠಾಣೆ ದಾಟುತ್ತದೆಯಲ್ಲ, ಅಲ್ಲಿ ಹುಡುಗನಿಗೆ ಒಂದು ಮಾತು ಹೇಳಿ: 1853ರ ಏಪ್ರಿಲ್ 16ರಂದು ವಿ.ಟಿ. ಹತ್ತಿರದ ಬೋರಿಬಂದರದಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ 34 ಕಿಲೋಮೀಟರ್ ಸಾಗಿ ಬಂದು ನಿಂತದ್ದು ಇದೇ ಠಾಣೆಯಲ್ಲಿ. ಮೊದಲ ವಿದ್ಯುತ್ ಗಾಡಿ ವಿ.ಟಿ.ಯಿಂದ ಕುರ್ಲಾಕ್ಕೆ ಓಡಿದ್ದು 1925ರ ಫೆಬ್ರವರಿ 3ರಂದು.

ಹೊನ್ನಾವರದ ಮಗಳು:

ಅಕ್ಕೋರೇ, ನಾನು ಡೊಂಬಿವಲಿಯಲ್ಲೇ ಇದ್ದೇನೆ, ಹದಿನಾಲ್ಕು ವರ್ಷಗಳಿಂದ ದಿನವೂ ಬೆಳಿಗ್ಗೆ ಲೋಕಲ್ ಹತ್ತುವವಳು. ಮೇಲಿನವರು ಹೇಳಿದ ಜಾಗಗಳು ಸರಿಯಾಗಿವೆ. ಆದರೆ ಅಲ್ಲಿಗೆ ತಲುಪುವುದು ಹೇಗೆಂಬುದನ್ನು ಅವರು ಹೇಳಲಿಲ್ಲ, ಮತ್ತು ನಿಮ್ಮ ದಿನ ಕೆಡುವುದಿದ್ದರೆ ಅದು ಅಲ್ಲಿಯೇ. ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಹನ್ನೊಂದು ವರ್ಷದ ಹುಡುಗನ ಕೈಹಿಡಿದು ಫಾಸ್ಟ್ ಲೋಕಲ್ ಹತ್ತುವುದು ಆಗದ ಮಾತು. ಅಭ್ಯಾಸವಿರುವ ನಾವೇ ಎಷ್ಟೋ ದಿನ ಒಂದೆರಡು ಗಾಡಿ ಬಿಟ್ಟು ಹತ್ತುತ್ತೇವೆ.

ಹೀಗೆ ಮಾಡಿ. ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯಿರಿ. ಹುಡುಗನಿಗೆ ಹನ್ನೆರಡು ತುಂಬಿಲ್ಲವಾದ್ದರಿಂದ ನಿಮ್ಮೊಡನೆ ಹೆಂಗಸರ ಡಬ್ಬಿಯಲ್ಲೇ ಕೂರಬಹುದು. ಒಂದೂಕಾಲು ಗಂಟೆಯ ದಾರಿ. ಗರ್ದಿಗಿಂತ ಮೊದಲೇ ಹೋಗಿ ತಲುಪಿ, ಹೊರಗೆ ತಿಂಡಿ ಮುಗಿಸಿ, ಎಂಟೂವರೆಗೆ ಪ್ಲಾಟ್‌ಫಾರ್ಮ್ ಟಿಕೇಟು ತೆಗೆದುಕೊಂಡು ಒಳಗೆ ಬನ್ನಿ. ಅದು ತಲೆಗೆ ಹತ್ತು ರೂಪಾಯಿ, ಎರಡು ಗಂಟೆಯ ಅವಧಿ. ನೀವು ನೋಡಬೇಕಾದ ಹೊತ್ತಿಗೆ ಸರಿಯಾಗಿ ಸಾಕಾಗುತ್ತದೆ. ಬೆಳಗಿನ ಗರ್ದಿ ಇರುವುದು ದಕ್ಷಿಣಕ್ಕೆ ಹೋಗುವ ಗಾಡಿಗಳಲ್ಲಿ, ಆದ್ದರಿಂದ ಹನ್ನೊಂದು ಗಂಟೆಗೆ ಕಲ್ಯಾಣದ ಕಡೆಗೆ ಮರಳುವಾಗ ಕೂತುಕೊಂಡೇ ಬರಬಹುದು. ಸಂಜೆಯ ಗರ್ದಿಯನ್ನು ನೋಡುವ ಯೋಚನೆಯನ್ನು ಬಿಟ್ಟುಬಿಡಿ. ನೋಡಿಯಾದ ಮೇಲೆ ಅದೇ ಗರ್ದಿಯಲ್ಲಿ ನೀವೂ ಮನೆಗೆ ಬರಬೇಕಾಗುತ್ತದೆ.

ಭಾನುವಾರ ಹೋಗಬೇಡಿ. ಅಂದು ಹಳಿಯ ದುರಸ್ತಿಗಾಗಿ ಮೆಗಾ ಬ್ಲಾಕ್ ಇರುತ್ತದೆ, ಗಾಡಿಗಳನ್ನು ಕಡಿಮೆ ಮಾಡಿರುತ್ತಾರೆ, ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸಿರುತ್ತಾರೆ. ದೀಪಾವಳಿಗೆ ಹತ್ತಿರದ ದಿನಗಳನ್ನೂ ತಪ್ಪಿಸಿ. ಊರಿಗೆ ಹೊರಡುವವರ ನೂಕುನುಗ್ಗಲಿನ ಕಾರಣದಿಂದ ದೊಡ್ಡ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರ್ಮ್ ಟಿಕೇಟಿನ ಮಾರಾಟವನ್ನೇ ನಿಲ್ಲಿಸುವುದುಂಟು.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಬೇಕಾಗಿದೆ. ಪಾದಚಾರಿ ಸೇತುವೆಯ ಮೇಲಿಂದ ಗಾಡಿಗಳು ಬಹಳ ಚೆಂದ ಕಾಣುತ್ತವೆ, ನಿಜ. ಆದರೂ ಸೇತುವೆಯ ಮೇಲಾಗಲಿ ಮೆಟ್ಟಿಲಿನ ಮೇಲಾಗಲಿ ಒಂದು ಕ್ಷಣವೂ ನಿಲ್ಲಬೇಡಿ, ಹುಡುಗನಿಗೆ ಚಪ್ಪಲಿಯ ಪಟ್ಟಿ ಸರಿಪಡಿಸಿಕೊಳ್ಳಲು ಸಹ ಅಲ್ಲಿ ಬಗ್ಗಲು ಬಿಡಬೇಡಿ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಈಗ ಪ್ರಭಾದೇವಿ ಎನ್ನುವ ಆಗಿನ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಸೇತುವೆಯ ಮೆಟ್ಟಿಲುಗಳ ಮೇಲೆ, ಮಳೆಯೆಂದು ಜನರು ನಿಂತಿದ್ದಾಗ, ಹಿಂದಿನಿಂದ ಗಾಡಿಗಳು ಬಂದು ಇನ್ನಷ್ಟು ಜನರು ಸೇರಿ ಕಾಲ್ತುಳಿತವಾಯಿತು. 23 ಜನರು ತೀರಿಕೊಂಡರು. ಅವರಲ್ಲಿ ಬಹಳ ಮಂದಿ ನಮ್ಮ ಹಾಗೆ ಕೆಲಸಕ್ಕೆ ಹೊರಟವರು. ಮಳೆಯ ದಿನ ಮೆಟ್ಟಿಲು ಹತ್ತುವಾಗ ನನಗೆ ಈಗಲೂ ಅದು ನೆನಪಾಗುತ್ತದೆ.

ಗಾಡಿ ನಿಲ್ಲುವ ಮೊದಲೇ ಹಾರಿ ಹತ್ತುವವರನ್ನು ಹುಡುಗ ನೋಡುತ್ತಾನೆ. ಅದು ಜಾಣತನವೆಂದು ಅವನಿಗೆ ಅನಿಸಬಾರದು. ಅದನ್ನು ಮಾಡುವಾಗಲೇ ಜನರು ಕಾಲು ಕಳೆದುಕೊಂಡಿದ್ದಾರೆಂದು ಮೊದಲೇ ತಿಳಿಸಿ. ಜನರ ಮುಖದ ಚಿತ್ರ ತೆಗೆಯುವುದು ಬೇಡ. ನಿದ್ದೆಗೆಟ್ಟು, ಬೆವತು, ಮಗುವನ್ನು ನೋಡಿಕೊಳ್ಳುವವರ ಮನೆಯಲ್ಲಿ ಬಿಟ್ಟು ಬಂದಿರುವ ಹೊತ್ತಿನಲ್ಲಿ ಯಾರದೋ ಫೋನು ತನ್ನ ಕಡೆ ತಿರುಗಿದರೆ ಹೇಗನಿಸುತ್ತದೆಂಬುದು ನನಗೆ ಗೊತ್ತಿದೆ.

ಶಿರವಾಡದವ:

ಅಕ್ಕೋರೇ, ನಾನು ರೈಲ್ವೆಯ ಸಿಗ್ನಲ್ ಕೆಲಸದಲ್ಲಿ ಮೊದಲು ಮುಂಬೈ ಕಡೆಯಲ್ಲೂ ಆಮೇಲೆ ನಮ್ಮ ಕರಾವಳಿಯಲ್ಲೂ ಇದ್ದು, ಈಗ ಶಿರವಾಡದಲ್ಲಿ, ಕಾರವಾರ ಸ್ಟೇಷನ್ನಿನ ಗಾಡಿಗಳ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡಿದ್ದೇನೆ. ನಿಮ್ಮ ಮೊಮ್ಮಗನ ಪ್ರಶ್ನೆ ನನ್ನನ್ನು ಬಹಳ ಸಂತೋಷಪಡಿಸಿತು. "ಹಿಂದಿನದು ಮುಂದಿನದಕ್ಕೆ ಹೊಡೆಯುವುದಿಲ್ಲವೇ?" ಎಂಬುದಕ್ಕಿಂತ ದೊಡ್ಡ ಪ್ರಶ್ನೆ ರೈಲ್ವೆಯಲ್ಲಿ ಇಲ್ಲ. ನಾವು ಬಾಳೆಲ್ಲ ದುಡಿದದ್ದು ಅದೊಂದಕ್ಕೆ ಉತ್ತರವಾಗಿ.

ಮುಂಬೈಗೆ ಹೋಗುವ ಮೊದಲು ಕುಮಟೆಯಲ್ಲಿ ಒಂದು ಮಧ್ಯಾಹ್ನ ಅವನನ್ನು ಕೂರಿಸಿಕೊಂಡು ಎರಡು ಗಾಡಿಗಳು ಒಂದನ್ನೊಂದು ದಾಟುವ ಒಂದು ಕ್ರಾಸಿಂಗ್ ತೋರಿಸಿ. ಅದನ್ನು ಕಂಡವನಿಗೆ ಮಾತ್ರ ಮುಂಬೈ ಅರ್ಥವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಂಕಣ ರೈಲು ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. 1998ರ ಜನವರಿ 26ರಂದು ಪೂರ್ತಿ ಮಾರ್ಗ ತೆರೆದಾಗ ಇಡೀ ದಾರಿ ಒಂಟಿ ಹಳಿಯದು, ಈಗಲೂ ಬಹುಭಾಗ ಹಾಗೆಯೇ ಇದೆ. ಕಾಳಿ ನದಿಯ ಸೇತುವೆ, ಕಾರವಾರದ ಹತ್ತಿರದ ಉದ್ದ ಸುರಂಗ, ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದವಾದ ಶರಾವತಿ ಸೇತುವೆ, ಇವುಗಳ ಮೇಲೆಲ್ಲ ಹೋಗುವುದಕ್ಕೂ ಬರುವುದಕ್ಕೂ ಅದೇ ಒಂದು ಹಳಿ. ಆದ್ದರಿಂದ ಎದುರುಬದಿರಾಗಿ ಬರುವ ಎರಡು ಗಾಡಿಗಳಲ್ಲಿ ಒಂದು ಸ್ಟೇಷನ್ನಿನ ಪಕ್ಕದ ಹಳಿಗೆ ಸರಿದು ನಿಲ್ಲಲೇಬೇಕು. ನಿಂತ ಗಾಡಿ ಯಾವಾಗ ಹೊರಡಬಹುದು? ಎದುರಿನ ಗಾಡಿ ಬಂದರೆ ಸಾಲದು, ಅದು ಪೂರ್ತಿಯಾಗಿ ಬರಬೇಕು. ಹಿಂದಿನ ನಾಲ್ಕು ಡಬ್ಬಿ ಕಳಚಿ ಸುರಂಗದಲ್ಲೇ ಉಳಿದಿದ್ದರೆ ಗತಿಯೇನು? ಕೊನೆಯ ಡಬ್ಬಿಯ ಹಿಂದೆ ದೊಡ್ಡ ಗುಣಾಕಾರದ ಗುರುತು ಬರೆದಿರುವುದೂ, ಎಲ್‌ವಿ, ಅಂದರೆ ಲಾಸ್ಟ್ ವೆಹಿಕಲ್ (ಕೊನೆಯ ಡಬ್ಬಿ), ಎಂಬ ಫಲಕವನ್ನು ತೂಗುಹಾಕಿರುವುದೂ, ರಾತ್ರಿ ಕೆಂಪು ದೀಪ ಉರಿಯುವುದೂ ಅದಕ್ಕಾಗಿಯೇ: ಇಲ್ಲಿಗೆ ಗಾಡಿ ಮುಗಿಯಿತು, ಹಿಂದೆ ಏನೂ ಉಳಿದಿಲ್ಲ. ಹೀಗೆ ಒಂದು ಸ್ಟೇಷನ್ನಿನಿಂದ ಮುಂದಿನ ಸ್ಟೇಷನ್ನಿನವರೆಗಿನ ಹಳಿಯನ್ನು ಒಂದು ಹೊತ್ತಿಗೆ ಒಂದೇ ಗಾಡಿಗೆ ಬಿಟ್ಟುಕೊಡುತ್ತೇವೆ. ನಮ್ಮಲ್ಲಿ ಗಾಡಿಗಳ ನಡುವೆ ಅಷ್ಟು ಹೊತ್ತು ಕಾಯಬೇಕಾಗುವುದಕ್ಕೆ ಇದು ಮುಖ್ಯ ಕಾರಣ.

ಮುಂಬೈಯಲ್ಲಿ ಹಾಗೆ ಮಾಡಿದರೆ ಊರೇ ನಿಂತುಹೋಗುತ್ತದೆ. ಅಲ್ಲಿ ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ ಹಳಿ. ಸ್ಲೋ ಗಾಡಿಗೆ ಒಂದು ಜೋಡಿ, ಫಾಸ್ಟ್ ಗಾಡಿಗೆ ಇನ್ನೊಂದು ಜೋಡಿ. ಅದಲ್ಲದೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಇರುವ ಹಳಿಯನ್ನೂ ಸಿಗ್ನಲ್‌ಗಳಿಂದ ಸಣ್ಣ ಸಣ್ಣ ತುಂಡುಗಳಾಗಿ ಮಾಡಿದ್ದಾರೆ. ನಮ್ಮ ಅಡಿಕೆ ತೋಟದಲ್ಲಿ ಉದ್ದನೆಯ ಕಾಲುವೆಗೆ ಅಲ್ಲಲ್ಲಿ ಕಟ್ಟು ಹಾಕಿ ನೀರು ಬಿಡುವುದಿಲ್ಲವೇ, ಹಾಗೆ. ಒಂದೊಂದು ತುಂಡಿನಲ್ಲಿ ಒಂದೊಂದು ಗಾಡಿ. ತುಂಡಿನೊಳಗೆ ಗಾಡಿ ಇದೆಯೇ ಇಲ್ಲವೇ ಎಂಬುದನ್ನು ಮನುಷ್ಯರು ನೋಡಿ ಹೇಳಬೇಕಾಗಿಲ್ಲ. ಹಳಿಗೆ ಜೋಡಿಸಿದ ವಿದ್ಯುತ್ ಮಂಡಲವೋ, ಹೋದ ಗಾಲಿಗಳನ್ನು ಎಣಿಸುವ ಯಂತ್ರವೋ ಅದನ್ನು ಅರಿತು ಸಿಗ್ನಲ್ಲಿನ ಬಣ್ಣವನ್ನು ತಾನೇ ಬದಲಾಯಿಸುತ್ತದೆ.

ಇದನ್ನು ಹುಡುಗ ಕಣ್ಣಾರೆ ಕಾಣಬಹುದು. ಮಾಟುಂಗಾದಲ್ಲಿ ಪ್ಲಾಟ್‌ಫಾರ್ಮಿನಿಂದ ಚೆನ್ನಾಗಿ ಕಾಣುವ ಒಂದು ಸಿಗ್ನಲ್ಲನ್ನು ಆರಿಸಿಕೊಳ್ಳಲಿ. ಕಂಬದ ಮೇಲೆ ಬಿಳಿಯ ಬಿಲ್ಲೆಯಲ್ಲಿ ಕಪ್ಪು ಬಣ್ಣದ ಇಂಗ್ಲಿಷಿನ ಎ ಅಕ್ಷರವಿದ್ದರೆ ಅದು ಸ್ವಯಂಚಾಲಿತ ಸಿಗ್ನಲ್ ಎಂದು ಅರ್ಥ. ಗಾಡಿಯನ್ನು ಬಿಟ್ಟು ಅದನ್ನೇ ಒಂದು ಗಂಟೆ ನೋಡಲಿ. ಗಾಡಿ ಅದನ್ನು ದಾಟಿದ ಕೂಡಲೇ ಕೆಂಪು. ಗಾಡಿ ಮುಂದಿನ ಸಿಗ್ನಲ್ಲನ್ನೂ ದಾಟಿ ದೂರವಾದ ಮೇಲೆ ಒಂದು ಹಳದಿ. ಇನ್ನೂ ಮುಂದಕ್ಕೆ ಹೋದಂತೆ ಎರಡು ಹಳದಿ, ಕೊನೆಗೆ ಹಸಿರು. ಗರ್ದಿಯ ಹೊತ್ತಿನಲ್ಲಿ ಎಷ್ಟೋ ಸಲ ಹಸಿರು ಬರುವ ಮೊದಲೇ, ಹಳದಿಯಲ್ಲೇ, ಹಿಂದಿನ ಗಾಡಿ ನಿಧಾನವಾಗಿ ಬಂದಿರುತ್ತದೆ. ಅಂದರೆ ಮುಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂಬುದನ್ನು ಈ ಬಣ್ಣಗಳು ಹಿಂದಿನ ಮೋಟರ್‌ಮನ್ನರಿಗೆ ಹೇಳುತ್ತಿವೆ. ಇಂಥ ಸಿಗ್ನಲ್ ಕೆಂಪಾಗಿಯೇ ಉಳಿದರೆ ಹಗಲಿನಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ನಿಂತು, ಅನಂತರ ಬಹಳ ಎಚ್ಚರಿಕೆಯಿಂದ, ಯಾವ ಕ್ಷಣದಲ್ಲಾದರೂ ನಿಲ್ಲಿಸಬಲ್ಲಷ್ಟು ನಿಧಾನದಲ್ಲಿ ಮುಂದುವರಿಯಬೇಕೆಂಬುದು ನಿಯಮ.

ದಿನಕ್ಕೆ 3,000ಕ್ಕೂ ಹೆಚ್ಚು ಲೋಕಲ್ ಓಡಾಟಗಳು ಆ ಊರಿನಲ್ಲಿ ನಡೆಯುವುದು ಹೀಗೆ. ಮೋಟರುಗಳು ಗಾಡಿಯ ಉದ್ದಕ್ಕೂ ಹಂಚಿಕೊಂಡಿರುವುದರಿಂದ ನಿಂತಲ್ಲಿಂದ ಬೇಗನೆ ವೇಗ ಹಿಡಿಯುತ್ತವೆ. ಆ ಗುಣವಿಲ್ಲದಿದ್ದರೆ ಸಿಗ್ನಲ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಅಂಕೋಲೆಯ ವಿದ್ಯಾರ್ಥಿ:

ನಾನು ಕಲ್ಯಾಣದಲ್ಲಿ ಓದುತ್ತಿದ್ದೇನೆ. ಪ್ಲಾಟ್‌ಫಾರ್ಮಿನಲ್ಲಿ ತೂಗುಹಾಕಿರುವ ಇಂಡಿಕೇಟರನ್ನು ಓದುವುದು ಹುಡುಗನಿಗೆ ಇಷ್ಟವಾಗಬಹುದು. ಗಾಡಿ ಹೋಗುವ ಊರನ್ನು ಇಂಗ್ಲಿಷಿನ ಒಂದೆರಡು ಅಕ್ಷರಗಳಲ್ಲಿ ತೋರಿಸುತ್ತಾರೆ: ಕೆ ಎಂದರೆ ಕಲ್ಯಾಣ, ಟಿ ಎಂದರೆ ಠಾಣೆ, ಎ ಎಂದರೆ ಅಂಬರನಾಥ. ಕಸಾರಾಕ್ಕೆ ಎನ್, ಕರ್ಜತ್‌ಗೆ ಎಸ್. ಕಲ್ಯಾಣದಿಂದ ಮುಂದೆ ಮಾರ್ಗ ಈಶಾನ್ಯಕ್ಕೂ ಆಗ್ನೇಯಕ್ಕೂ ಕವಲೊಡೆಯುವುದರಿಂದ ಹಾಗೆ. ಅದರ ಪಕ್ಕದಲ್ಲಿ ಫಾಸ್ಟಿಗೆ ಎಫ್, ಸ್ಲೋಗೆ ಎಸ್ ಇರುತ್ತದೆ. ಎರಡು ಎಸ್‌ಗಳ ನಡುವೆ ನಾನು ಮೊದಲ ವಾರ ಮೋಸಹೋಗಿದ್ದೇನೆ. ಗಾಡಿ ಬರಲು ಎಷ್ಟು ನಿಮಿಷವಿದೆ, ಎಷ್ಟು ಡಬ್ಬಿಗಳಿವೆ ಎಂಬುದೂ ಅಲ್ಲೇ ಇರುತ್ತದೆ. ಮೊದಲ ದರ್ಜೆಯ ಡಬ್ಬಿ ಎಲ್ಲಿ ನಿಲ್ಲುತ್ತದೆಂಬುದನ್ನು ತಿಳಿಯಲು ಪ್ಲಾಟ್‌ಫಾರ್ಮಿನ ಕಂಬಗಳ ಮೇಲಿನ ಕೆಂಪು ಹಳದಿ ಓರೆಪಟ್ಟೆಗಳನ್ನು ನೋಡಬೇಕು.

ಶಿರಸಿಯ ಅಕ್ಕೋರು:

ಎಲ್ಲರ ಉತ್ತರಗಳನ್ನೂ ಒಂದು ಪಟ್ಟಿಯಲ್ಲಿ ಬರೆದುಕೊಂಡು ಹೋಗಿದ್ದೆವು, ಮೊನ್ನೆ ಮರಳಿದೆವು. ಉಪಕಾರವಾಯಿತು ಎಂದಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲವೆಂದು ಆದದ್ದನ್ನು ತಿಳಿಸುತ್ತಿದ್ದೇನೆ.

ಶಿರವಾಡದವರು ಹೇಳಿದಂತೆ ನಾವು ಒಂದು ದಿನ ಮೊದಲೇ ಕುಮಟೆಗೆ ಇಳಿದೆವು. ಮಧ್ಯಾಹ್ನ ಲಾರಿಗಳನ್ನು ಹೊತ್ತ ರೋರೋ ಗಾಡಿಯೊಂದು ಪಕ್ಕದ ಹಳಿಗೆ ಬಂದು ನಿಂತಿತು. ಲಾರಿಯೊಳಗಿನ ಚಾಲಕರೊಬ್ಬರು ಇಳಿದು ಬಾಟಲಿಗೆ ನೀರು ತುಂಬಿಸಿಕೊಂಡು ಹೋದರು. ಇಪ್ಪತ್ತು ನಿಮಿಷವಾದ ಮೇಲೆ ಎದುರಿನಿಂದ ಎಕ್ಸ್‌ಪ್ರೆಸ್ ಬಂತು. ಹುಡುಗ ಎಂಜಿನ್ನಿನ ಕಡೆಗೆ ಓಡುವುದನ್ನು ಬಿಟ್ಟು ಕೊನೆಯ ಡಬ್ಬಿಗಾಗಿ ಕಾಯುತ್ತ ನಿಂತ. ಗುಣಾಕಾರದ ಗುರುತು ಕಂಡಿತು, ಫಲಕವೂ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಲಾರಿಗಳ ಗಾಡಿಗೆ ಸಿಗ್ನಲ್ ಸಿಕ್ಕಿತು.

ವಿ.ಟಿ.ಗೆ ಹೊನ್ನಾವರದ ತಂಗಿ ಹೇಳಿದ ಲೆಕ್ಕದಂತೆಯೇ ಹೋದೆವು. ಬಫರಿನ ಎದುರು ನಿಂತು ಒಂದೂವರೆ ಗಂಟೆ ನೋಡಿದೆವು. ನನಗೆ ಅಲ್ಲಿ ನೆನಪಿನಲ್ಲಿ ಉಳಿದದ್ದು ಸದ್ದು. ಯಾರೂ ಮಾತನಾಡುವುದಿಲ್ಲ, ಕೂಗುವುದಿಲ್ಲ. ಸಾವಿರಾರು ಜೋಡಿ ಚಪ್ಪಲಿಗಳು ಕಲ್ಲುಹಾಸಿಗೆ ಉಜ್ಜುವ ಸದ್ದು ಮಾತ್ರ, ಸೋಗೆಯ ಮಾಡಿನ ಮೇಲೆ ಜೋರು ಮಳೆ ಬಂದ ಹಾಗೆ ಏರಿ, ನಿಮಿಷದೊಳಗೆ ಪೂರ್ತಿ ನಿಂತುಹೋಗುತ್ತದೆ. ಹುಡುಗನಿಗೆ ಮಾತ್ರ ವಿ.ಟಿ. ಅಷ್ಟು ಹಿಡಿಸಲಿಲ್ಲ. "ಇಲ್ಲಿ ಎಲ್ಲ ಗಾಡಿಗಳೂ ನಿಂತೇಬಿಡುತ್ತವೆ" ಎಂದ.

ಮಾಟುಂಗಾದಲ್ಲಿ ಅವನನ್ನು ಎಬ್ಬಿಸುವುದೇ ಕಷ್ಟವಾಯಿತು. ಬೆಂಚಿನ ತುದಿಯಲ್ಲಿ ಕುಳಿತು ಒಂದೇ ಸಿಗ್ನಲ್ಲಿಗೆ ಕಣ್ಣಿಟ್ಟು, ಕೆಂಪಾದ ಕ್ಷಣದಿಂದ ಬಾಯಲ್ಲೇ ಎಣಿಸತೊಡಗಿದ. ಎಪ್ಪತ್ತರ ಹತ್ತಿರ ಬಂದಾಗ ಹಳದಿ. ಇನ್ನೊಮ್ಮೆ ಎಣಿಸಿದಾಗ ತೊಂಬತ್ತು ದಾಟಿತು, ಏಕೆಂದು ನೋಡಿದರೆ ದೂರದಲ್ಲಿ ಮುಂದಿನ ಗಾಡಿಯ ಹಿಂಭಾಗ ಕಾಣುತ್ತಿತ್ತು, ಅದು ನಿಂತೇ ಇತ್ತು. ಫಾಸ್ಟ್ ಗಾಡಿಯೊಂದು ನಿಲ್ಲದೆ ಹೋದಾಗ ನನ್ನ ಸೆರಗು ಹಾರಿ, ಬೆಂಚಿನಲ್ಲಿದ್ದವರೆಲ್ಲ ಒಮ್ಮೆ ಮೋರೆ ತಿರುಗಿಸಿಕೊಂಡರು. ಅವನು ತಿರುಗಲಿಲ್ಲ, ಎಣಿಕೆ ತಪ್ಪುತ್ತದೆಂದು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇವನು ಏನು ಎಣಿಸುತ್ತಿದ್ದಾನೆಂದು ಹಿಂದಿಯಲ್ಲಿ ಕೇಳಿದರು. ನನಗೆ ಗೊತ್ತಿದ್ದ ಹರಕು ಹಿಂದಿಯಲ್ಲಿ ಹೇಳಿದೆ. ನಲವತ್ತು ವರ್ಷದಿಂದ ಇದೇ ಗಾಡಿಯಲ್ಲಿ ಓಡಾಡುತ್ತಿದ್ದೇನೆ, ಆ ದೀಪವನ್ನು ನೋಡಿಯೇ ಇರಲಿಲ್ಲ ಎಂದು ಹೇಳಿ, ತಮ್ಮ ಒಂದು ಸ್ಲೋ ಗಾಡಿಯನ್ನು ಬಿಟ್ಟು ಅವನೊಡನೆ ಕುಳಿತರು.

ಮರಳುವಾಗ ರಾತ್ರಿ, ಅಂಕೋಲೆಗೂ ಮೊದಲು ಎಲ್ಲೋ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಗಾಡಿ ಬಹಳ ಹೊತ್ತು ನಿಂತಿತು. ಡಬ್ಬಿಯಲ್ಲಿದ್ದವರು ಬೇಸರದಿಂದ ಗೊಣಗುತ್ತಿದ್ದರು. ಇಳಿಯುವುದು ಹತ್ತಿರ ಬಂತೆಂದು ಎಚ್ಚರವಾಗಿದ್ದ ಹುಡುಗ ಕಿಟಕಿಯ ಸರಳಿಗೆ ಹಣೆ ಒತ್ತಿ ಕುಳಿತಿದ್ದ. ಎದುರಿನ ಗಾಡಿ ಬಂದು, ಒಂದೊಂದೇ ಡಬ್ಬಿಯ ಬೆಳಕು ಅವನ ಮುಖದ ಮೇಲೆ ಹಾದು, ಕೊನೆಗೆ ಕೆಂಪು ದೀಪ ಕಂಡು ಮರೆಯಾಯಿತು. "ಪೂರ್ತಿ ಬಂತು ಅಜ್ಜಿ, ಚೀಲ ತೆಗೆದಿಟ್ಟುಕೊಳ್ಳಿ" ಎಂದ. ನಾನು ಚೀಲಕ್ಕೆ ಕೈಹಾಕುವಷ್ಟರಲ್ಲಿ ನಮ್ಮ ಗಾಡಿ ಅಲುಗಿತು.